ಒಂದು ತಂಬಿಗೆ ನೀರಿಗೆ ಒಡೆದ ಸಂಘ: ಕೋಸಂಬಿಯ ಪ್ರಕರಣ

ಜಗಳ ಶುರುವಾದದ್ದು ಪಾಯಿಖಾನೆಯ ತಂಬಿಗೆಯಲ್ಲಿ ಉಳಿದಿದ್ದ ನೀರಿನಿಂದ. ಜಾಗ ಕೋಸಂಬಿ ಊರಿನ ಘೋಷಿತಾರಾಮ ವಿಹಾರ. ಬುದ್ಧ ಬದುಕಿದ್ದ ಕಾಲ ಅದು, ಅಷ್ಟೇ ಅಲ್ಲ, ಆಗ ಅವನು ಇದ್ದದ್ದೂ ಅದೇ ವಿಹಾರದಲ್ಲಿ. ಜಗಳ ಆಡಿದವರು ಯಾರೋ ದಾರಿಹೋಕರಲ್ಲ. ಮನೆಮಠ ಬಿಟ್ಟು ಬಂದವರು, ಚೆನ್ನಾಗಿ ಓದಿಕೊಂಡವರು, ಕೋಪ ಬಿಡಿ ಅಂತ ದಿನಾ ಊರಿಗೆಲ್ಲ ಹೇಳುತ್ತಿದ್ದವರು. ಅಂಥವರ ನಡುವೆ ಕೈ ಕೈ ಮಿಲಾಯಿಸುವವರೆಗೂ ಹೋಯಿತು.

ಸಣ್ಣ ಧ್ಯಾನ ಕೇಂದ್ರ, ಆಶ್ರಮ, ವಾರಾಂತ್ಯದ ಶಿಬಿರ ನಡೆಸುವವರ ಜೊತೆ ಮಾತಿಗೆ ಕೂತಾಗಲೆಲ್ಲ ನಾನು ಈ ಪ್ರಕರಣಕ್ಕೇ ಬರುತ್ತೇನೆ. ಅವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಬಂದಿರೋರೆಲ್ಲ ಒಳ್ಳೆಯವರೇ, ಆದರೂ ಯಾಕೋ ಹೊಂದಿಕೆ ಆಗ್ತಿಲ್ಲ." ಅಡುಗೆಮನೆ ಪಾಳಿ, ಬೆಳಗಿನ ಗಂಟೆ, ಫೋನ್ ಇಟ್ಟುಕೊಳ್ಳಬಹುದಾ ಬೇಡವಾ, ಇಂಥದಕ್ಕೇ ಗುಂಪು ಎರಡಾಗಿರುತ್ತದೆ. ಕೋಸಂಬಿಯಲ್ಲೂ ಹಾಗೇ ಆಯಿತು. ಅಲ್ಲಿ ಅದು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಯಾರು ಏನು ಮಾಡಿದಾಗ ನಿಂತಿತು ಎಂಬುದು ಹಂತಹಂತವಾಗಿ ಬರೆದಿಟ್ಟಿದೆ. ಮುಖ್ಯ ಮೂಲ ವಿನಯಪಿಟಕದ, ಅಂದರೆ ಭಿಕ್ಖುಗಳ ನಿಯಮಗಳ ಪಾಲಿ ಗ್ರಂಥದ, ಮಹಾವಗ್ಗ ಎಂಬ ಭಾಗ, ಹತ್ತನೇ ಅಧ್ಯಾಯ. ತಂಬಿಗೆಯ ವಿವರ ಮಾತ್ರ ಧಮ್ಮಪದದ ಅಟ್ಟಕಥೆಯದು, ಅಂದರೆ ಎಷ್ಟೋ ಕಾಲದ ಮೇಲೆ ಬರೆದ ವ್ಯಾಖ್ಯಾನದ್ದು. ಮೂಲದಲ್ಲಿ "ಒಬ್ಬ ಭಿಕ್ಖು ಒಂದು ತಪ್ಪು ಮಾಡಿದ" ಅಂತಷ್ಟೇ ಇದೆ, ಯಾವ ತಪ್ಪು ಅಂತ ಇಲ್ಲ.

ಜಾಗದ ಬಗ್ಗೆ ಎರಡು ಮಾತು. ಕೋಸಂಬಿ ಇದ್ದದ್ದು ಈಗಿನ ಪ್ರಯಾಗರಾಜ್ ಹತ್ತಿರ, ಯಮುನೆಯ ದಂಡೆಯಲ್ಲಿ. ವತ್ಸ ರಾಜ್ಯದ ರಾಜಧಾನಿ, ರಾಜ ಉದಯನನ ಊರು. ಘೋಷಿತ ಎಂಬ ಸಾಹುಕಾರ ಕಟ್ಟಿಸಿಕೊಟ್ಟ ವಿಹಾರ ಅದಾದ್ದರಿಂದ ಘೋಷಿತಾರಾಮ ಅಂತ ಹೆಸರು. 1950ರ ದಶಕದಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯದ ಜಿ.ಆರ್. ಶರ್ಮ ಅವರ ತಂಡ ಅಲ್ಲಿ ಅಗೆದಾಗ ಘೋಷಿತಾರಾಮದ ಹೆಸರು ಕೆತ್ತಿದ ಶಾಸನವೇ ಸಿಕ್ಕಿತು.

ಏನಾಯಿತು

ವಿಹಾರದಲ್ಲಿ ಇಬ್ಬರು ಹಿರಿಯ ಭಿಕ್ಖುಗಳು. ಒಬ್ಬ ವಿನಯಧರ, ಸಂಘದ ನಿಯಮಗಳೆಲ್ಲ ಬಾಯಿಪಾಠ. ಇನ್ನೊಬ್ಬ ಧಮ್ಮಕಥಿಕ, ಪ್ರವಚನಕ್ಕೆ ಹೆಸರಾದವನು. ಇಬ್ಬರಿಗೂ ಬೇಕಾದಷ್ಟು ಶಿಷ್ಯರು. ಒಂದು ದಿನ ಧಮ್ಮಕಥಿಕ ಶೌಚಕ್ಕೆ ಹೋಗಿ, ಬಳಸಿ ಉಳಿದ ನೀರನ್ನು ತಂಬಿಗೆಯಲ್ಲೇ ಬಿಟ್ಟು ಬಂದ. ಚೆಲ್ಲಿ, ತಂಬಿಗೆ ಬೋರಲು ಹಾಕಿ ಬರಬೇಕಿತ್ತು. ಅವನ ಹಿಂದೆ ಹೋದ ವಿನಯಧರ ಅದನ್ನು ನೋಡಿದ.

"ನೀರು ಬಿಟ್ಟು ಬಂದದ್ದು ನೀವಾ?"

"ಹೌದು."

"ಅದು ತಪ್ಪು ಅಂತ ಗೊತ್ತಿಲ್ವಾ?"

"ಗೊತ್ತಿರಲಿಲ್ಲ. ತಪ್ಪಾದರೆ ಒಪ್ಪಿಕೊಂಡು ಸರಿಮಾಡ್ತೀನಿ."

"ಗೊತ್ತಿಲ್ಲದೆ ಮಾಡಿದ್ದರೆ ತಪ್ಪೇನೂ ಇಲ್ಲ ಬಿಡಿ."

ಇಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಧಮ್ಮಕಥಿಕ ನಿರಾಳವಾಗಿ ಹೋದ. ಆದರೆ ವಿನಯಧರ ತನ್ನ ಶಿಷ್ಯರ ಹತ್ತಿರ, "ಇವನಿಗೆ ತಪ್ಪು ಮಾಡಿದ್ದೂ ಗೊತ್ತಾಗಲ್ಲ" ಅಂದುಬಿಟ್ಟ. ಶಿಷ್ಯರು ಅದನ್ನು ಆ ಕಡೆಯ ಶಿಷ್ಯರ ಮುಂದೆ ಆಡಿದರು. ಅವರು ತಮ್ಮ ಗುರುವಿಗೆ ಮುಟ್ಟಿಸಿದರು. ಅವನಿಗೆ ಸಿಟ್ಟು ನೆತ್ತಿಗೇರಿತು: "ನನ್ನ ಮುಂದೆ ತಪ್ಪಿಲ್ಲ ಅಂದ, ಈಗ ತಪ್ಪು ಅಂತಾನೆ. ಅವನು ಸುಳ್ಳುಗಾರ." ಈ ಮಾತು ತಿರುಗಿ ಅಲ್ಲಿಗೆ ಹೋಯಿತು.

ಈ ಹಂತವನ್ನು ನಿಧಾನವಾಗಿ ನೋಡಬೇಕು. ತಂಬಿಗೆಯ ವಿಷಯ ಇಬ್ಬರ ನಡುವೆ ಬಗೆಹರಿದಿತ್ತು. ಒಡಕು ಹುಟ್ಟಿದ್ದು ಎದುರಿಗೆ ಒಂದು ಮಾತು, ಬೆನ್ನ ಹಿಂದೆ ಇನ್ನೊಂದು ಮಾತು ಆಡಿದ್ದರಿಂದ. ಆಮೇಲೆ ಆ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ, ಎಲ್ಲವೂ ಶಿಷ್ಯರ ಬಾಯಿಂದ ಶಿಷ್ಯರ ಕಿವಿಗೆ. ನಾನು ಕಂಡ ಗುಂಪುಗಳಲ್ಲೂ ಅಷ್ಟೇ. "ಅವರು ಹೀಗಂದ್ರಂತೆ" ಅನ್ನೋ ಮಾತು ಊಟದ ಹೊತ್ತಲ್ಲಿ ಶುರುವಾದರೆ ಸಭೆ ಕರೆದು ಏನೂ ಪ್ರಯೋಜನ ಇಲ್ಲ. ಸಭೆಗೆ ಬರುವ ಹೊತ್ತಿಗೆ ಎಲ್ಲರೂ ಯಾರ ಪಕ್ಕ ಕೂರಬೇಕು ಅಂತ ತೀರ್ಮಾನ ಮಾಡಿ ಆಗಿರುತ್ತದೆ.

ಮುಂದೆ ಮಹಾವಗ್ಗ ಹೇಳುವ ಭಾಗ. ಒಂದು ಬಣ ಸಭೆ ಸೇರಿ, ಆ ಭಿಕ್ಖುವನ್ನು, ಅಂದರೆ ಅಟ್ಟಕಥೆಯ ಧಮ್ಮಕಥಿಕನನ್ನು, ಅಮಾನತು ಮಾಡಿತು. ಕಾರಣ ತಪ್ಪು ಮಾಡಿದ್ದಲ್ಲ, ತಪ್ಪನ್ನು ತಪ್ಪು ಅಂತ ಒಪ್ಪದೇ ಇದ್ದದ್ದು. ಅಮಾನತು ಅಂದರೆ ಅವನ ಜೊತೆ ಉಪೋಸಥ (ಹದಿನೈದು ದಿನಕ್ಕೊಮ್ಮೆ ಎಲ್ಲರೂ ಸೇರಿ ನಿಯಮಗಳನ್ನು ಹೇಳಿಕೊಳ್ಳುವ ಸಭೆ) ಇಲ್ಲ, ಸಂಘದ ಕೆಲಸ ಇಲ್ಲ, ಒಟ್ಟಿಗೆ ಕೂರುವಂತಿಲ್ಲ. ಅವನು ಓದಿಕೊಂಡವನು, ಗೆಳೆಯರಿದ್ದವನು. "ನನ್ನ ಅಮಾನತು ನಿಯಮಕ್ಕೆ ಸರಿಯಾಗಿಲ್ಲ, ಲೆಕ್ಕಕ್ಕೆ ಬರಲ್ಲ" ಅಂತ ಊರೂರಿಗೆ ಹೇಳಿ ಕಳಿಸಿದ, ಬಣ ಕಟ್ಟಿದ. ವಿಹಾರದ ಗಡಿಯೊಳಗೆ ಅವನ ಬಣದವರು ಉಪೋಸಥ ಮಾಡಿದರೆ ಅಮಾನತು ಮಾಡಿದವರು ಗಡಿಯಾಚೆ ಹೋಗಿ ಮಾಡಿದರು. ಊರಿನ ಭಕ್ತರಲ್ಲೂ ಎರಡು ಪಕ್ಷ ಆಯಿತು.

ಬುದ್ಧ ಮಾಡಿದ್ದು

ಬುದ್ಧನಿಗೆ ಸುದ್ದಿ ಮುಟ್ಟಿದಾಗ ಅವನು ಯಾರದು ಸರಿ ಅಂತ ತೀರ್ಪು ಕೊಡಲಿಲ್ಲ. ಮೊದಲು ಅಮಾನತು ಮಾಡಿದವರ ಹತ್ತಿರ ಹೋದ. ಅವರಿಗೆ ಹೇಳಿದ್ದರ ಸಾರ ಇದು: ನಮಗೆ ತಪ್ಪು ಅನ್ನಿಸಿತು ಅಂದಮಾತ್ರಕ್ಕೆ ಒಬ್ಬನನ್ನು ಹೊರಗಿಡಬೇಡಿ. ಅವನು ತಿಳಿದವನು, ನಾಚಿಕೆ ಮರ್ಯಾದೆ ಇರುವವನು, ಇವನನ್ನು ಹೊರಗಿಟ್ಟರೆ ಸಂಘ ಒಡೆಯುತ್ತದೆ ಅಂತ ನಿಮಗೆ ಕಾಣುತ್ತಿದ್ದರೆ, ಆ ಒಡಕಿನ ಭಾರ ಯೋಚಿಸಿ ಕೈ ತಡೆಯಿರಿ.

ಆಮೇಲೆ ಎದ್ದು ಇನ್ನೊಂದು ಬಣದ ಹತ್ತಿರ ಹೋದ. ಅವರಿಗೆ ತದ್ವಿರುದ್ಧವಾದ ಮಾತು: ತಪ್ಪು ಮಾಡಿಲ್ಲ ಅಂದುಕೊಂಡು ಸುಮ್ನೆ ಕೂರಬೇಡಿ. ಹೇಳುತ್ತಿರುವವರು ತಿಳಿದವರು, ದ್ವೇಷಕ್ಕೋ ಭಯಕ್ಕೋ ಬಿದ್ದು ಹೇಳುವವರಲ್ಲ ಅಂತ ನಂಬಿಕೆ ಇದ್ದರೆ, ನಿಮಗೆ ಪೂರ್ತಿ ಒಪ್ಪಿಗೆ ಆಗದಿದ್ದರೂ ಅವರ ಮೇಲಿನ ಆ ನಂಬಿಕೆಯಿಂದಲೇ ಒಪ್ಪಿಕೊಳ್ಳಿ, ಒಡಕಿನ ಭಾರ ದೊಡ್ಡದು.

ಇಡೀ ಪ್ರಕರಣದಲ್ಲಿ ನನಗೆ ಬಹಳ ಹಿಡಿಸುವ ಜಾಗ ಇದು. ಒಂದೇ ಜಗಳ, ಎರಡು ಬಣಕ್ಕೆ ಎರಡು ಬೇರೆ ಬುದ್ಧಿವಾದ. ಶಿಕ್ಷೆ ಕೊಡುವ ಶಕ್ತಿ ಇರುವವರಿಗೆ ಕೈ ತಡೆಯಿರಿ ಅಂತ, ಹಠ ಹಿಡಿದವರಿಗೆ ಸ್ವಲ್ಪ ಬಗ್ಗಿ ಅಂತ. ನಾವು ಮಾಡೋದು ಸಾಮಾನ್ಯವಾಗಿ ಇದರ ಉಲ್ಟಾ. ಇಬ್ಬರನ್ನೂ ಎದುರುಬದುರು ಕೂರಿಸಿ "ಹೊಂದಿಕೊಂಡು ಹೋಗಿ" ಅನ್ನುತ್ತೇವೆ. ಅದನ್ನು ಕೇಳಿದ ಪ್ರತಿಯೊಬ್ಬರೂ ಅದು ಎದುರಿನವನಿಗೆ ಹೇಳಿದ್ದು ಅಂತಲೇ ತಿಳಿಯುತ್ತಾರೆ.

ಆದರೆ ಇಲ್ಲಿ ಇದು ಫಲಿಸಲಿಲ್ಲ. ಊರಿನ ಮನೆಯಲ್ಲಿ ಊಟಕ್ಕೆ ಕೂತಾಗಲೇ ಭಿಕ್ಖುಗಳು ಒಬ್ಬರ ಮೇಲೊಬ್ಬರು ಕೈ ಮಾಡಿದರು. ಬುದ್ಧ ಆಗ ಒಂದು ಸಣ್ಣ ವ್ಯವಸ್ಥೆ ಮಾಡಿದ. ಎರಡು ಬಣದವರು ಪಂಕ್ತಿಯಲ್ಲಿ ನಡುವೆ ಜಾಗ ಬಿಟ್ಟು ಕೂರಬೇಕು, ಕೈಗೆ ಕೈ ಎಟುಕದ ಹಾಗೆ. ಮತ್ತೆ ಸಭೆಗೆ ಹೋಗಿ, ಸಾಕು ಬಿಡಿ ಅಂತ ಕೇಳಿಕೊಂಡ. ಒಬ್ಬ ಭಿಕ್ಖು ಎದ್ದು ಹೇಳಿದ್ದು: ತಾವು ಆರಾಮವಾಗಿರಿ, ಈ ಜಗಳದ ಹೊಣೆ ನಮ್ಮದು, ನಾವು ನೋಡಿಕೊಳ್ಳುತ್ತೇವೆ. ಎಷ್ಟು ಮರ್ಯಾದೆಯ ಮಾತು, ಎಷ್ಟು ಕೆಟ್ಟ ಮಾತು!

ಬುದ್ಧ ಅವರಿಗೆ ದೀಘಾವು ರಾಜಕುಮಾರನ ಕಥೆ ಹೇಳಿದ. ಅಪ್ಪ ಅಮ್ಮನನ್ನು ಕೊಂದ ಕಾಶಿಯ ರಾಜ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ, ದೀಘಾವು ಮೂರು ಸಲ ಕತ್ತಿ ಹಿರಿದು ಮೂರು ಸಲವೂ ಒರೆಗೆ ಹಾಕಿದ ಕಥೆ. ಕೇಳಿದ ಮೇಲೂ ಅದೇ ಉತ್ತರ: ನಾವು ನೋಡಿಕೊಳ್ಳುತ್ತೇವೆ. ಬುದ್ಧ ಮರುದಿನ ಊರಲ್ಲಿ ಭಿಕ್ಷೆ ಮುಗಿಸಿ ಬಂದು, ತನ್ನ ಭಿಕ್ಷಾಪಾತ್ರೆ, ಚೀವರ (ಭಿಕ್ಖುವಿನ ಬಟ್ಟೆ) ತಾನೇ ಎತ್ತಿಕೊಂಡು, ಹೊರಟುಹೋದ. ಮೊದಲು ಬಾಲಕಲೋಣಕಾರ ಎಂಬ ಹಳ್ಳಿಗೆ, ಅಲ್ಲಿ ಭಗು ಎಂಬ ಭಿಕ್ಖು ಒಬ್ಬನೇ ಇದ್ದ. ಅಲ್ಲಿಂದ ಪಾಚೀನವಂಸ ಎಂಬ ಬಿದಿರ ತೋಪಿಗೆ.

ಬಿದಿರ ತೋಪಿನ ಮೂವರು

ತೋಪಿನಲ್ಲಿ ಇದ್ದದ್ದು ಮೂವರೇ: ಅನುರುದ್ಧ, ನಂದಿಯ, ಕಿಂಬಿಲ. ತೋಪಿನ ಕಾವಲುಗಾರ ಬುದ್ಧನನ್ನೇ ಬಾಗಿಲಲ್ಲಿ ತಡೆದ. "ಒಳಗೆ ಹೋಗಬೇಡಿ ಸ್ವಾಮಿ, ಮೂವರು ತಮ್ಮ ಪಾಡಿಗೆ ಸಾಧನೆ ಮಾಡ್ತಾ ಇದಾರೆ, ತೊಂದರೆ ಕೊಡಬೇಡಿ." ಅನುರುದ್ಧನಿಗೆ ಕೇಳಿಸಿ ಓಡಿ ಬಂದು, ಇವರು ನಮ್ಮ ಗುರುಗಳಪ್ಪ, ತಡೆಯಬೇಡ ಅಂದ. ಒಬ್ಬ ಪಾತ್ರೆ ಚೀವರ ತೆಗೆದುಕೊಂಡ, ಒಬ್ಬ ಕೂರಲು ಜಾಗ ಮಾಡಿದ, ಒಬ್ಬ ಕಾಲಿಗೆ ನೀರು ತಂದ. ಯಾರೂ ಯಾರಿಗೂ ನೀನು ಇದು ಮಾಡು ಅಂತ ಹೇಳಿದ್ದು ಕಥೆಯಲ್ಲಿಲ್ಲ.

ಬುದ್ಧ ಕೇಳಿದ್ದು ಮೂರು ವಿಷಯ. ಆರೋಗ್ಯವಾಗಿದ್ದೀರಾ, ಭಿಕ್ಷೆಗೆ ಕಷ್ಟ ಇಲ್ಲ ತಾನೆ? ಹಾಲು ನೀರು ಬೆರೆತ ಹಾಗೆ, ಒಬ್ಬರನ್ನೊಬ್ಬರು ಪ್ರೀತಿಯ ಕಣ್ಣಿಂದ ನೋಡಿಕೊಂಡು ಇದ್ದೀರಾ? ಸಾಧನೆ ಎಚ್ಚರದಿಂದ ನಡೆದಿದೆಯಾ? ಸುಮ್ನೆ ಹೌದು ಅಂದರೆ ಬಿಡಲಿಲ್ಲ, ಹೇಗೆ ಅಂತ ಕೇಳಿದ.

ಅನುರುದ್ಧನ ಉತ್ತರ: ಇಂಥ ಜೊತೆಗಾರರು ಸಿಕ್ಕಿದ್ದು ನನ್ನ ಪುಣ್ಯ ಅಂದುಕೊಳ್ಳುತ್ತೇನೆ. ಎದುರಿಗಿದ್ದಾಗಲೂ ಇಲ್ಲದಾಗಲೂ ಇವರ ವಿಷಯದಲ್ಲಿ ನಡೆ, ನುಡಿ, ಮನಸ್ಸು ಮೂರರಲ್ಲೂ ಪ್ರೀತಿ ಇಟ್ಟುಕೊಳ್ಳುತ್ತೇನೆ. ನನಗೆ ಬೇಕಾದ್ದನ್ನು ಬದಿಗಿಟ್ಟು ಇವರಿಗೆ ಬೇಕಾದ್ದನ್ನು ಯಾಕೆ ಮಾಡಬಾರದು ಅಂತ ಯೋಚಿಸಿ ಹಾಗೇ ಮಾಡುತ್ತೇನೆ. ನಮ್ಮ ಮೈ ಬೇರೆ, ಮನಸ್ಸು ಒಂದೇ. ನಂದಿಯ, ಕಿಂಬಿಲ ಕೂಡ ಇದನ್ನೇ ಹೇಳಿದರು.

ಎದುರಿಗಿದ್ದಾಗಲೂ ಇಲ್ಲದಾಗಲೂ ಅನ್ನುವುದನ್ನು ಗಮನಿಸಿ. ಕೋಸಂಬಿಯಲ್ಲಿ ತಪ್ಪಿದ್ದು ಸರಿಯಾಗಿ ಇಲ್ಲೇ.

ಆಮೇಲೆ ದಿನದ ಕೆಲಸದ ವಿವರ ಬರುತ್ತದೆ. ಊರಿಂದ ಭಿಕ್ಷೆ ಮುಗಿಸಿ ಯಾರು ಮೊದಲು ಬರುತ್ತಾರೋ ಅವರು ಕೂರುವ ಜಾಗ ಅಣಿ ಮಾಡುತ್ತಾರೆ. ಕಾಲು ತೊಳೆಯುವ ನೀರು, ಕಾಲಿಡುವ ಮಣೆ, ಒರೆಸುವ ಬಟ್ಟೆ ಇಡುತ್ತಾರೆ. ಮುಸುರೆ ಪಾತ್ರೆ ತೊಳೆದು ಇಡುತ್ತಾರೆ, ಕುಡಿಯುವ ನೀರು ತುಂಬುತ್ತಾರೆ. ಕೊನೆಗೆ ಬಂದವರು ಉಳಿದದ್ದು ಬೇಕಾದರೆ ಉಣ್ಣುತ್ತಾರೆ, ಬೇಡವಾದರೆ ಹುಲ್ಲಿಲ್ಲದ ಕಡೆಯೋ ಹುಳುಹುಪ್ಪಟೆ ಇಲ್ಲದ ನೀರಿಗೋ ಹಾಕುತ್ತಾರೆ, ಎಲ್ಲ ಎತ್ತಿಟ್ಟು ಜಾಗ ಗುಡಿಸುತ್ತಾರೆ. ಕುಡಿಯುವ ನೀರಿನ ಕೊಡವೋ, ಬಳಸುವ ನೀರಿನ ಕೊಡವೋ, ಪಾಯಿಖಾನೆಯ ಕೊಡವೋ ಖಾಲಿ ಇದ್ದದ್ದು ಯಾರ ಕಣ್ಣಿಗೆ ಬಿತ್ತೋ ಅವರೇ ತುಂಬುತ್ತಾರೆ. ಒಬ್ಬರಿಂದ ಎತ್ತಲಾಗದಿದ್ದರೆ ಕೈಸನ್ನೆ ಮಾಡಿ ಇನ್ನೊಬ್ಬರನ್ನು ಕರೆದು, ಇಬ್ಬರೂ ಸೇರಿ ಎತ್ತಿಡುತ್ತಾರೆ. ಅದಕ್ಕಾಗಿ ಮಾತಿಲ್ಲ. ಐದು ದಿನಕ್ಕೊಂದು ಸಲ ಮಾತ್ರ ರಾತ್ರಿಯಿಡೀ ಕೂತು ಧಮ್ಮದ, ಅಂದರೆ ಬುದ್ಧನ ಬೋಧನೆಯ ಬಗ್ಗೆ ಮಾತಾಡುತ್ತಾರೆ.

ಪಾಯಿಖಾನೆಯ ನೀರು! ಕೋಸಂಬಿಯಲ್ಲಿ ತಂಬಿಗೆಯ ತಳದಲ್ಲಿ ಉಳಿದದ್ದು ಯಾರದ್ದು ಅಂತ ಕೇಳಿದರು, ಇಲ್ಲಿ ಖಾಲಿ ಕೊಡ ಕಂಡವನು ತುಂಬಿಟ್ಟ. ಅನುರುದ್ಧ ಹುಟ್ಟಿದ್ದು ಬುದ್ಧನದೇ ಕುಲವಾದ ಶಾಕ್ಯರ ಶ್ರೀಮಂತ ಮನೆಯಲ್ಲಿ, ಒಂದೊಂದು ಋತುವಿಗೆ ಒಂದೊಂದು ಮಹಲು ಇದ್ದ ಮನೆ. ಅವನು, ಕಿಂಬಿಲ, ಹಳ್ಳಿಯಲ್ಲಿ ಒಬ್ಬನೇ ಇದ್ದ ಭಗು, ಎಲ್ಲರೂ ಒಟ್ಟಿಗೆ ದೀಕ್ಷೆಗೆ ಬಂದವರು. ಬಂದಾಗ ಅವರು ಬುದ್ಧನನ್ನು ಕೇಳಿಕೊಂಡದ್ದು ಒಂದೇ: ನಮ್ಮ ಮನೆಯ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿ, ಆಗ ಅವನು ನಮಗಿಂತ ಹಿರಿಯ ಆಗುತ್ತಾನೆ, ನಾವು ಅವನಿಗೆ ಕೈಮುಗಿದು ಏಳಬೇಕಾಗುತ್ತದೆ, ನಮ್ಮ ಶಾಕ್ಯ ಜಂಬ ಇಳಿಯುತ್ತದೆ. ಕೊಡ ತುಂಬುವ ಅಭ್ಯಾಸ ಇವರಿಗೆ ತೋಪಿನಲ್ಲಿ ಬಂದದ್ದಲ್ಲ, ಮೊದಲ ದಿನವೇ ಆ ದಾರಿ ಹಿಡಿದಿದ್ದರು. ಉಪಾಲಿ ಈ ಪ್ರಕರಣದ ಕೊನೆಯಲ್ಲಿ ಮತ್ತೆ ಬರುತ್ತಾನೆ.

ಅದೇ ಕೊಡ, ಮಾತಿಲ್ಲದ ಮನೆ

ಇಲ್ಲಿಗೇ ನಿಲ್ಲಿಸಿದರೆ "ಎಲ್ಲರೂ ತಮ್ಮ ಕೆಲಸ ಮಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದರೆ ಒಗ್ಗಟ್ಟು ಇರುತ್ತದೆ" ಅನ್ನಿಸಬಹುದು. ಬಹಳ ಶಿಬಿರಗಳು ನಂಬಿರುವುದೂ ಅದನ್ನೇ. ಅದಕ್ಕೆ ಅದೇ ಮಹಾವಗ್ಗದ ನಾಲ್ಕನೇ ಅಧ್ಯಾಯದ ಇನ್ನೊಂದು ಘಟನೆ ಪಕ್ಕಕ್ಕೆ ಇಟ್ಟು ಓದಬೇಕು. ಅದು ಬೇರೆ ಊರು, ಬೇರೆ ಜನ.

ಕೋಸಲ ದೇಶದಲ್ಲಿ ಕೆಲವು ಭಿಕ್ಖುಗಳು, ಎಲ್ಲ ಸ್ನೇಹಿತರೇ, ಮಳೆಗಾಲದ ಮೂರು ತಿಂಗಳು ಒಟ್ಟಿಗೆ ಇರಲು ಸೇರಿದರು. ಜಗಳ ಆಗದ ಹಾಗೆ ಇರುವುದು ಹೇಗೆ ಅಂತ ಯೋಚಿಸಿ ಒಂದು ಉಪಾಯ ಮಾಡಿದರು: ಒಬ್ಬರ ಜೊತೆ ಒಬ್ಬರು ಮಾತೇ ಆಡುವುದು ಬೇಡ. ಉಳಿದದ್ದೆಲ್ಲ ತೋಪಿನ ಮೂವರ ಪದ್ಧತಿಯೇ, ಹೆಚ್ಚುಕಡಿಮೆ ಪದಕ್ಕೆ ಪದ ಒಂದೇ. ಮೊದಲು ಬಂದವರು ಮಣೆ ಇಡಬೇಕು, ಕೊನೆಗೆ ಬಂದವರು ಗುಡಿಸಬೇಕು, ಕೊಡ ಖಾಲಿ ಕಂಡವರು ತುಂಬಬೇಕು, ಭಾರ ಆದರೆ ಕೈಸನ್ನೆ. ಮೂರು ತಿಂಗಳು ಒಂದೂ ಜಗಳ ಆಗಲಿಲ್ಲ. ಮಳೆಗಾಲ ಮುಗಿದ ಮೇಲೆ ಕೋಸಲದ ರಾಜಧಾನಿ ಸಾವತ್ಥಿಗೆ (ಶ್ರಾವಸ್ತಿಗೆ) ಹೋಗಿ ಬುದ್ಧನಿಗೆ ಖುಷಿಯಿಂದ ಹೇಳಿದರು, ನಾವು ಬಹಳ ಹಾಯಾಗಿದ್ದೆವು ಅಂತ.

ಬುದ್ಧ ಬೈದ. ಇವರು ಹಾಯಾಗಿರಲಿಲ್ಲ, ದನಗಳು ಒಟ್ಟಿಗಿರುವ ಹಾಗೆ, ಕುರಿಗಳು ಒಟ್ಟಿಗಿರುವ ಹಾಗೆ ಇದ್ದು ಬಂದಿದ್ದಾರೆ ಅಂದ. ಅಂಥ ಮೂಕವ್ರತ ಹಿಡಿಯಬೇಡಿ ಅಂತ ನಿಯಮ ಮಾಡಿದ. ಅದರ ಜಾಗದಲ್ಲಿ ಪವಾರಣ ಎಂಬ ಪದ್ಧತಿ ತಂದ. ಮಳೆಗಾಲದ ಕೊನೆಯಲ್ಲಿ ಪ್ರತಿಯೊಬ್ಬ ಭಿಕ್ಖುವೂ, ಹಿರಿಯನಿಂದ ಹಿಡಿದು ಕಿರಿಯನವರೆಗೆ, ಸಂಘದ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈಮುಗಿದು ಕೇಳಬೇಕು: ನನ್ನಲ್ಲಿ ಏನಾದರೂ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೆ ದಯವಿಟ್ಟು ಹೇಳಿ, ಕಂಡುಕೊಂಡು ತಿದ್ದಿಕೊಳ್ಳುತ್ತೇನೆ.

ಎರಡೂ ಕಡೆ ಕೆಲಸದ ಪಟ್ಟಿ ಒಂದೇ. ಒಂದನ್ನು ಹೊಗಳಿದ, ಒಂದನ್ನು ಬೈದ. ವ್ಯತ್ಯಾಸ ಎಲ್ಲಿದೆ? ತೋಪಿನ ಮೂವರು ಕೊಡ ಎತ್ತಲು ಮಾತು ಬೇಡ ಅಂದರು, ಯಾಕೆಂದರೆ ಐದನೇ ರಾತ್ರಿ ಮಾತು ಇತ್ತು. ಕೋಸಲದವರು ಮಾತಾಡಿದರೆ ಜಗಳ ಆಗುತ್ತದೆ ಅನ್ನೋ ಹೆದರಿಕೆಗೆ ಮಾತು ಬಿಟ್ಟರು. ಅವರ ನಡುವೆ ಒಮ್ಮತ ಇರಲಿಲ್ಲ, ಭಿನ್ನಮತ ಹೊರಗೆ ಬರಲು ಬಾಗಿಲೇ ಇರಲಿಲ್ಲ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕು ಅಂದುಕೊಂಡಿದ್ದು ಇದನ್ನೇ: ಜಗಳ ಇಲ್ಲದ ಗುಂಪನ್ನು ನೋಡಿ ಒಮ್ಮತ ಇರುವ ಗುಂಪು ಅಂತ ತಿಳಿಯಬೇಡಿ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಅಷ್ಟೇ ಶಾಂತ, ಅಷ್ಟೇ ಚೊಕ್ಕಟ.

ಇದು ಮೌನದ ವಿರುದ್ಧದ ಮಾತಲ್ಲ. 10 ದಿನದ ವಿಪಶ್ಯನ ಶಿಬಿರದಲ್ಲಿ ಮೌನ ಇರುವುದು ಒಳಗೆ ನೋಡಿಕೊಳ್ಳಲು, ಅಲ್ಲಿ ಕೂಡ ಹತ್ತನೇ ದಿನ ಮಾತು ಬಿಡಿಸಿಯೇ ಮನೆಗೆ ಕಳಿಸುತ್ತಾರೆ.

ಊರಿನವರು ಅನ್ನ ನಿಲ್ಲಿಸಿದರು

ಇತ್ತ ಬುದ್ಧ ತೋಪಿನಿಂದ ಪಾರಿಲೇಯ್ಯಕದ ಕಾಡಿಗೆ ಹೋಗಿ ಒಂಟಿಯಾಗಿ ಉಳಿದ. ಅಲ್ಲಿ ಹಿಂಡಿನ ಕಾಟಕ್ಕೆ ಬೇಸತ್ತು ಬಂದ ಒಂದು ಆನೆ ಅವನಿಗೆ ಜೊತೆಯಾಯಿತು ಎಂಬ ಕಥೆ ನೀವು ಕೇಳಿರುತ್ತೀರಿ. ಚೆಂದದ ಕಥೆ, ಆದರೆ ಜಗಳ ಬಗೆಹರಿಸಿದ್ದು ಆನೆಯಲ್ಲ, ಕೋಸಂಬಿಯ ಸಾಮಾನ್ಯ ಜನ.

ಬುದ್ಧ ಊರು ಬಿಟ್ಟು ಹೋದದ್ದು ಇವರಿಂದ ಅಂತ ಗೊತ್ತಾದಾಗ ಭಕ್ತರು ಒಟ್ಟಾಗಿ ನಿರ್ಧಾರ ಮಾಡಿದರು. ಇನ್ನು ಈ ಭಿಕ್ಖುಗಳಿಗೆ ಕೈಮುಗಿಯುವುದಿಲ್ಲ, ಎದ್ದು ನಿಲ್ಲುವುದಿಲ್ಲ, ಬಾಗಿಲಿಗೆ ಬಂದರೆ ಅನ್ನ ಹಾಕುವುದಿಲ್ಲ. ಅವರು ಇಲ್ಲಿಂದ ಹೋಗಲಿ, ಇಲ್ಲ ಚೀವರ ಬಿಚ್ಚಲಿ, ಇಲ್ಲ ಹೋಗಿ ಬುದ್ಧನನ್ನು ಸಮಾಧಾನ ಮಾಡಲಿ. ಊರವರು ಯಾರ ಪಕ್ಷವನ್ನೂ ವಹಿಸಲಿಲ್ಲ, ಎರಡು ಬಣಕ್ಕೂ ಒಟ್ಟಿಗೆ ನಿಲ್ಲಿಸಿದರು. ಅಷ್ಟರಲ್ಲಿ ಬುದ್ಧ ಕಾಡಿನಿಂದ ಸಾವತ್ಥಿಗೆ ಹೋಗಿದ್ದ. ಭಿಕ್ಖುಗಳು ಹಾಸಿಗೆ ಸುತ್ತಿಟ್ಟು, ಪಾತ್ರೆ ಚೀವರ ತೆಗೆದುಕೊಂಡು ಸಾವತ್ಥಿಯ ದಾರಿ ಹಿಡಿದರು.

ಸಣ್ಣ ಕೇಂದ್ರಗಳನ್ನು ನಡೆಸುವವರು ಹೊರಗಿನವರಿಗೆ ಜಗಳ ಗೊತ್ತಾಗಬಾರದು ಅಂತ ಒದ್ದಾಡುತ್ತಾರೆ. ಅಕ್ಕಿ ಕೊಡುವವರು, ಜಾಗ ಕೊಟ್ಟವರು, ಪಕ್ಕದ ಹಳ್ಳಿಯವರು, ಇವರೂ ಆ ಕೇಂದ್ರದವರೇ ಅಂತ ಯಾರಿಗೂ ಹೊಳೆಯುವುದಿಲ್ಲ. ಇವರಿಗೆ ಒಂದು ಬಣದ ಮೇಲೆ ಆಸೆ ಇಲ್ಲ, ಜಾಗ ಉಳಿಯಬೇಕು ಅಂತ ಮಾತ್ರ ಆಸೆ. ಅಂಥವರ ಮಾತು ಬಹಳ ಸಲ ಒಳಗಿನ ಹಿರಿಯರ ಮಾತಿಗಿಂತ ಜಾಸ್ತಿ ತೂಗುತ್ತದೆ.

ಸಾವತ್ಥಿಯಲ್ಲಿ

ಕೋಸಂಬಿಯವರು ಬರುತ್ತಿದ್ದಾರೆ ಅಂತ ಸಾವತ್ಥಿಯವರಿಗೆ ಮೊದಲೇ ಗೊತ್ತಾಯಿತು. ಎಲ್ಲರೂ ಒಬ್ಬೊಬ್ಬರಾಗಿ ಬುದ್ಧನನ್ನು ಕೇಳಿದರು, ಅವರ ಜೊತೆ ಹೇಗೆ ನಡೆದುಕೊಳ್ಳಬೇಕು? ಭಿಕ್ಖುಣಿಯರ ಕಡೆಯಿಂದ ಬುದ್ಧನ ಸಾಕುತಾಯಿ ಮಹಾಪಜಾಪತಿ ಗೋತಮಿ ಕೇಳಿದಳು. ಎರಡೂ ಕಡೆಯವರ ಮಾತು ಕೇಳು, ಧಮ್ಮ ಯಾರ ಕಡೆ ಇದೆಯೋ ಆ ಕಡೆ ಇರು ಅಂತ ಉತ್ತರ. ಸಂಘಕ್ಕೆ ದಾನ ಕೊಡುತ್ತಿದ್ದ ಗೃಹಸ್ಥರಾದ ಅನಾಥಪಿಂಡಿಕ, ವಿಶಾಖೆ ಕೇಳಿದರು. ಎರಡು ಬಣಕ್ಕೂ ದಾನ ಮಾಡಿ, ಎರಡೂ ಕಡೆ ಕೇಳಿ ಅಂತ ಉತ್ತರ. ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತ ವಸತಿ ಎಲ್ಲಿ ಕೊಡಲಿ ಅಂತ ಕೇಳಿದ. ಬೇರೆ ಬೇರೆ ಜಾಗ ಕೊಡು, ಖಾಲಿ ಇಲ್ಲದಿದ್ದರೆ ಖಾಲಿ ಮಾಡಿಸು, ಆದರೆ ಅದಕ್ಕಾಗಿ ಹಿರಿಯ ಭಿಕ್ಖುವಿನ ಜಾಗ ಕಿತ್ತುಕೊಳ್ಳಬೇಡ. ಊಟ? ಎಲ್ಲರಿಗೂ ಸಮನಾಗಿ ಹಂಚು.

ಮಲಗುವ ಜಾಗ ಬೇರೆ, ಊಟ ಸಮ. ಇದನ್ನು ಓದುವಾಗ ನನಗೆ ಅನ್ನಿಸುವುದು, ಇವರಿಗೆ ಜಗಳ ಅಂದರೇನು ಅಂತ ನಿಜವಾಗಿ ಗೊತ್ತಿತ್ತು. ಒಟ್ಟಿಗೆ ಮಲಗಿಸಿ ಬಲವಂತದ ಸ್ನೇಹ ಮಾಡಿಸಲಿಲ್ಲ. ಅನ್ನದಲ್ಲಿ ಭೇದ ಮಾಡಿ ಹೊಸ ಗಾಯವನ್ನೂ ಮಾಡಲಿಲ್ಲ.

ಅಲ್ಲಿ, ಯಾರೂ ಒತ್ತಾಯ ಮಾಡದೆ, ಅಮಾನತಾದ ಭಿಕ್ಖು ಕೂತು ನಿಯಮಗಳನ್ನು ಮತ್ತೆ ತಿರುವಿ ನೋಡಿದ. ನೋಡಿದವನಿಗೆ ಹೌದು, ಇದು ತಪ್ಪೇ, ನನ್ನ ಅಮಾನತೂ ಸರಿಯೇ ಅನ್ನಿಸಿತು. ತನ್ನ ಬಣದವರ ಹತ್ತಿರ ತಾನೇ ಹೋಗಿ ಹೇಳಿದ, ನನ್ನನ್ನು ಮತ್ತೆ ಸೇರಿಸಿಕೊಳ್ಳಿ ಅಂತ. ಅವರು ಬುದ್ಧನನ್ನು ಕೇಳಿ ಸೇರಿಸಿಕೊಂಡರು. ಆಮೇಲೆ ಅಮಾನತು ಮಾಡಿದ ಬಣ ಬುದ್ಧನ ಹತ್ತಿರ ಬಂದು, ಈಗ ಸಂಘ ಒಂದಾಗುವ ಕೆಲಸ ಮಾಡೋಣವಾ ಅಂದಿತು.

ಅದರ ಕ್ರಮ ಹೀಗಿತ್ತು. ಎಲ್ಲರೂ ಒಂದೇ ಕಡೆ ಸೇರಬೇಕು. ಕಾಯಿಲೆಯವರೂ ಬರಬೇಕು. ಬೇರೆ ಸಭೆಗಳಿಗೆ ಬರಲಾಗದವರು ತಮ್ಮ ಒಪ್ಪಿಗೆಯನ್ನು ಇನ್ನೊಬ್ಬರ ಕೈಲಿ ಕಳಿಸಬಹುದಿತ್ತು, ಇದಕ್ಕೆ ಮಾತ್ರ ಅದು ನಡೆಯುವುದಿಲ್ಲ. ಒಬ್ಬ ಸಮರ್ಥ ಭಿಕ್ಖು ವಿಷಯವನ್ನು ಎಲ್ಲರ ಮುಂದೆ ಇಡುತ್ತಾನೆ: ಯಾವ ವಿಷಯಕ್ಕೆ ಸಂಘ ಒಡೆಯಿತೋ, ಆ ತಪ್ಪನ್ನು ಈ ಭಿಕ್ಖು ಕಂಡುಕೊಂಡಿದ್ದಾನೆ, ಸಂಘ ಅವನನ್ನು ಸೇರಿಸಿಕೊಂಡಿದೆ, ಈಗ ಸಂಘ ಒಂದಾಗುತ್ತಿದೆ. ಒಪ್ಪಿದವರು ಸುಮ್ಮನಿರಿ, ಒಪ್ಪದವರು ಮಾತಾಡಿ. ಯಾರೂ ಮಾತಾಡದಿದ್ದರೆ ಒಪ್ಪಿಗೆ ಅಂತ ಘೋಷಣೆ, ಕೂಡಲೇ ಎಲ್ಲರೂ ಒಟ್ಟಿಗೆ ಉಪೋಸಥ.

ಒಂದು ಮಾತು ಸೇರಿಸಬೇಕು. ಮತ ಹಾಕುವುದು ಸಂಘಕ್ಕೆ ಗೊತ್ತಿರಲಿಲ್ಲ ಅಂತಲ್ಲ. ಬೇರೆ ದಾರಿ ಇಲ್ಲದಾಗ ಕಡ್ಡಿ ಹಂಚಿ ಬಹುಮತ ಎಣಿಸುವ ಕ್ರಮ ವಿನಯಪಿಟಕದ ಇನ್ನೊಂದು ಭಾಗವಾದ ಚುಲ್ಲವಗ್ಗದಲ್ಲಿ ಇದೆ. ಗುಟ್ಟಾಗಿ, ಕಿವಿಯಲ್ಲಿ ಹೇಳಿ, ಬಹಿರಂಗವಾಗಿ, ಮೂರು ಥರ ಎಣಿಸಬಹುದಿತ್ತು. ಎರಡು ಬಣದವರೂ ಜಗಳದಲ್ಲಿ ಆಡಬಾರದ್ದು ಆಡಿ, ಮಾಡಬಾರದ್ದು ಮಾಡಿ, ಒಂದೊಂದನ್ನೂ ವಿಚಾರಿಸಲು ಹೋದರೆ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ ಅಂತಾದರೆ, ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಹುಲ್ಲು ಹೊದಿಸಿದ ಹಾಗೆ ಒಟ್ಟಿಗೆ ಮುಚ್ಚಿಬಿಡುವ ಕ್ರಮವೂ ಇತ್ತು. ಪ್ರತಿ ಬಣದಿಂದ ಒಬ್ಬ ಎದ್ದು ಎಲ್ಲರ ಪರವಾಗಿ ಒಪ್ಪಿಕೊಂಡರೆ ಸಾಕು. ದೊಡ್ಡ ತಪ್ಪುಗಳಿಗೂ, ಗೃಹಸ್ಥರಿಗೆ ಆದ ಅನ್ಯಾಯಕ್ಕೂ ಮಾತ್ರ ಈ ರಿಯಾಯಿತಿ ಇಲ್ಲ.

ಕೋಸಂಬಿ ಪ್ರಕರಣ ಮುಗಿಯುವ ಮುಂಚೆ ಉಪಾಲಿ ಎದ್ದು ಒಂದು ಪ್ರಶ್ನೆ ಕೇಳಿದ. ಜಗಳಕ್ಕೆ ಕಾರಣವಾದ ವಿಷಯವನ್ನು ಬುಡದವರೆಗೆ ವಿಚಾರಿಸದೆ ಸಂಘ ಒಂದಾದರೆ ಅದು ಸರಿಯಾದ ಒಗ್ಗಟ್ಟಾ? ಬುದ್ಧನ ಉತ್ತರ: ಅಲ್ಲ. ಅದು ಹೆಸರಿಗೆ ಮಾತ್ರ ಒಗ್ಗಟ್ಟು, ಒಳಗೆ ತಿರುಳಿಲ್ಲ. ವಿಚಾರಿಸಿ, ಬುಡಕ್ಕೆ ಹೋಗಿ ಆಮೇಲೆ ಒಂದಾದರೆ ಅದು ಎರಡೂ ಥರದಲ್ಲಿ ಒಗ್ಗಟ್ಟು.

ಅದೇ ಊರಿಗೆ ಅಶೋಕ ಬರೆಸಿದ್ದು

ಇಷ್ಟಾದ ಮೇಲೂ ಸಂಘಭೇದ ನಿಲ್ಲಲಿಲ್ಲ. ನಮ್ಮ ಮಸ್ಕಿ, ಬ್ರಹ್ಮಗಿರಿಯ ಬಂಡೆಗಳಿಂದ ನಾವು ಬಲ್ಲ ಅದೇ ಅಶೋಕ, ಕೋಸಂಬಿಯ ಅಧಿಕಾರಿಗಳಿಗೆ ಒಂದು ಆಜ್ಞೆ ಬರೆಸಿದ. ಅದು ಈಗ ಅಲಹಾಬಾದ್ ಕೋಟೆಯಲ್ಲಿರುವ ಕಂಬದ ಮೇಲಿದೆ, ಸಾಂಚಿ, ಸಾರನಾಥದಲ್ಲೂ ಅದೇ ಥರದ ಶಾಸನ ಇವೆ. ಸಂಘವನ್ನು ಒಡೆಯುವ ಭಿಕ್ಖುವಿಗೆ ಭಿಕ್ಖುಣಿಗೆ ಬಿಳಿ ಬಟ್ಟೆ ಉಡಿಸಿ ವಿಹಾರದಿಂದ ಹೊರಗಿಡಬೇಕು ಅಂತ. ರಾಜನ ಕಾಳಜಿ ನಿಜವಾದದ್ದೇ ಇರಬಹುದು. ಆದರೆ ನನಗೆ ಮೊದಲ ಪ್ರಕರಣದ ದಾರಿಯೇ ದೊಡ್ಡದು ಅನ್ನಿಸುತ್ತದೆ. ಅಲ್ಲಿ ಹೊರಗಿಟ್ಟದ್ದರಿಂದಲೇ ಸಂಘ ಒಡೆದಿತ್ತು.

ಈಗ ಶಿಬಿರ ನಡೆಸುವವರಿಗೆ

ನಮ್ಮ ಶಿಬಿರಗಳು ಮೂರು ತಿಂಗಳಿನವಲ್ಲ, ಮೂರು ದಿನದವು. ಐದನೇ ರಾತ್ರಿ ಬರುವುದೇ ಇಲ್ಲ. ಹಾಗಾಗಿ ನಾನು ಹೇಳುವುದು, ಮೊದಲ ಸಂಜೆಯೇ ಒಂದು ಹೊತ್ತು ಇಡಿ. ಊಟ ಆದಮೇಲೆ, ಪಾತ್ರೆ ತೊಳೆದು ಮುಗಿದ ಮೇಲೆ. ನಡೆಸುವವರೇ ಮೊದಲು ಕೇಳಬೇಕು, ಇಲ್ಲಿ ನನ್ನಿಂದ ಏನು ತೊಂದರೆ ಆಯಿತು, ಹೇಳಿ ಅಂತ. ಹಿರಿಯರು ಮೊದಲು ಕೇಳದಿದ್ದರೆ ಕಿರಿಯರು ಬಾಯಿ ಬಿಡಲ್ಲ. ಪವಾರಣದಲ್ಲಿ ಹಿರಿಯನಿಂದಲೇ ಶುರುವಾಗುತ್ತಿದ್ದದ್ದು ಸುಮ್ನೆ ಅಲ್ಲ.

ಕೆಲಸದ ಪಾಳಿ ಗೋಡೆಗೆ ಅಂಟಿಸುವುದು ಒಳ್ಳೆಯದೇ, ಆದರೆ ಪಾಳಿ ಇದ್ದಾಗ "ಇವತ್ತು ನನ್ನದಲ್ಲ" ಅನ್ನೋ ಮಾತೂ ಹುಟ್ಟುತ್ತದೆ. ನೀರು, ಕಸ, ಪಾಯಿಖಾನೆ, ಈ ಮೂರಕ್ಕಾದರೂ ಪಾಳಿ ಬೇಡ, ಕಂಡವರು ಮಾಡಲಿ ಅಂತ ಬಿಟ್ಟು ನೋಡಿ. ಒಂದೆರಡು ದಿನ ಇಬ್ಬರು ಮೂವರೇ ಮಾಡುತ್ತಾರೆ, ಅವರಿಗೆ ಸಿಟ್ಟೂ ಬರುತ್ತದೆ. ಆ ಸಿಟ್ಟನ್ನು ಸಂಜೆಯ ಕೂಟಕ್ಕೆ ತರಲು ಜಾಗ ಇದ್ದರೆ ಅದು ಬೆನ್ನ ಹಿಂದಿನ ಮಾತಾಗುವುದಿಲ್ಲ.

ತೀರ್ಮಾನ ಮಾಡುವಾಗ ಒಪ್ಪದವರು ಮಾತಾಡಿ ಅಂತ ಕೇಳಿ ಒಂದು ಕ್ಷಣ ಕಾಯುವುದು ಸಾಲದು. ಸಂಘದ ದೊಡ್ಡ ತೀರ್ಮಾನಗಳಲ್ಲಿ, ಯಾರಿಗಾದರೂ ದೀಕ್ಷೆ ಕೊಡುವಂಥದರಲ್ಲಿ, ಅದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಿದ್ದರು. ಮೊದಲ ಸಲ ಕೇಳಿದಾಗ ಜನ ಅಕ್ಕಪಕ್ಕ ನೋಡುತ್ತಾರೆ, ಎರಡನೇ ಸಲ ಯೋಚಿಸುತ್ತಾರೆ. ಬಾಯಿ ಬಿಡುವವರು ಬಿಡುವುದು ಮೂರನೇ ಸಲಕ್ಕೆ.

ಯಾರನ್ನಾದರೂ ಶಿಬಿರದಿಂದ ಕಳಿಸಲೇಬೇಕು ಅನ್ನೋ ಹೊತ್ತು ಬಂದರೆ, ಆ ರಾತ್ರಿಯೇ ಸಭೆ ಸೇರಿ ತೀರ್ಮಾನ ಮಾಡಬೇಡಿ. ಎರಡೂ ಕಡೆಗೆ ಬೇರೆ ಬೇರೆಯಾಗಿ ಹೋಗಿ ಮಾತಾಡಿ, ಒಬ್ಬರಿಗೆ ಹೇಳಿದ್ದನ್ನೇ ಇನ್ನೊಬ್ಬರಿಗೆ ಹೇಳಬೇಡಿ. ಮಲಗಲು ಬೇರೆ ಕೋಣೆ ಕೊಡಿ, ಬೆಳಗ್ಗೆ ತಿಂಡಿ ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸಿ.